ತಂಗಿಗೆ ಒಂದು ಹಂಡೆ ಬಿಸಿನೀರು

ವಡೋದರಾ
ಡಿಸೆಂಬರ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ದೀಪಾವಳಿ ಕಳೆದು, ಲಾಭಪಾಂಚಮದ ದಿನ ಸೂರತ್ತಿನ ಅಂಗಡಿಗಳು ಬಾಗಿಲು ತೆರೆದಾಗ ನೀನು ಕೆಲಸಕ್ಕೆ ಸೇರಿದೆ. ಇನ್ನೂ ಚಳಿಗಾಲ ಅರ್ಧ ಕಳೆದಿಲ್ಲ, ಅಷ್ಟರಲ್ಲೇ ಫೋನಿನಲ್ಲಿ ನಿನ್ನ ದನಿ ಸಣ್ಣದಾಗಿದೆ. ರಿಂಗ್ ರೋಡಿನ ಜವಳಿ ಮಾರ್ಕೆಟ್ಟಿನಲ್ಲಿ ಇಡೀ ದಿನ ಬಿಲ್ಲು, ಜಿಎಸ್‌ಟಿ, ಬಾಕಿ ಲೆಕ್ಕ. ರಾತ್ರಿ ಕೋಣೆಗೆ ಬಂದರೆ ನಮ್ಮ ಮಾತಿನಲ್ಲಿ ಮಾತಾಡುವವರಿಲ್ಲ. ಮಲಗಿದರೆ ನಿದ್ದೆ ಹತ್ತುವುದಿಲ್ಲ, ಬೆಳಗಾದರೆ ಏಳುವ ಮನಸ್ಸಿಲ್ಲ. ನಾನು ಸಮಾಧಾನ ಹೇಳಿದರೆ ನೀನು ಹೂಂ ಅನ್ನುತ್ತೀ, ಫೋನು ಇಟ್ಟ ಮೇಲೆ ಮತ್ತೆ ಅದೇ ಗೋಡೆ ನೋಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಬೇಕಾದಾಗ ತೆಗೆದು ಓದಬಹುದು.

ಧೈರ್ಯ ತಂದುಕೋ, ಮನಸ್ಸು ಗಟ್ಟಿ ಮಾಡಿಕೋ ಅಂತ ಬರೆಯುವುದಿಲ್ಲ. ಅದು ಕೈಗೆ ಸಿಗುವ ವಸ್ತುವಾಗಿದ್ದರೆ ನೀನು ಯಾವತ್ತೋ ತಂದುಕೊಳ್ಳುತ್ತಿದ್ದೆ. ನಾನು ಕೇಳುವುದು ಒಂದೇ. ಕೆಲಸದಿಂದ ಬಂದ ಕೂಡಲೇ, ಊಟಕ್ಕೆ ಮೊದಲು, ದಿನಾ ಬಿಸಿನೀರಿನಲ್ಲಿ ಸ್ನಾನ ಮಾಡು. ಬೆಳಗ್ಗೆ ಗಡಿಬಿಡಿಯಲ್ಲಿ ಮಾಡುವ ಸ್ನಾನ ಇದ್ದೇ ಇರುತ್ತದೆ, ಅದು ಆಫೀಸಿಗೆ. ಸಂಜೆಯದು ನಿನಗೆ. ಮನಸ್ಸು ಯಾರ ಮಾತೂ ಕೇಳದ ದಿನಗಳಲ್ಲಿ ದೇಹ ಕೇಳುತ್ತದೆ ಪುಟ್ಟೀ. ಅದಕ್ಕೆ ಬೇಕಾದ್ದನ್ನು ಕೊಟ್ಟರೆ ಅದು ಮೆಲ್ಲಗೆ ಮನಸ್ಸನ್ನೂ ಕರೆದುಕೊಂಡು ಬರುತ್ತದೆ. ಇದನ್ನು ನಾನು ಈ ಊರುಗಳಲ್ಲಿ ಬಾಳಿ ನಂಬಿದ್ದೇನೆ.

ನಮ್ಮ ಬಚ್ಚಲುಮನೆ ನಿನಗೆ ನೆನಪಿದೆಯಲ್ಲ? ಮನೆಯ ಹಿಂಭಾಗ, ಬಾವಿಗೆ ಹತ್ತಿರ, ಹೊಗೆ ಹಿಡಿದು ಕಪ್ಪಾದ ಗೋಡೆ, ಒಲೆಯ ಮೇಲೆ ಹೂತ ತಾಮ್ರದ ಹಂಡೆ. ಅಡಿಕೆ ಸಿಪ್ಪೆ, ತೆಂಗಿನ ಮಡಲು, ಒಣಗಿದ ಹಾಳೆ ಎಲ್ಲ ಆ ಒಲೆಗೇ. ಮಳೆಗಾಲದಲ್ಲಿ ಶಾಲೆಯಿಂದ ತೊಯ್ದು ಬಂದ ನಮ್ಮನ್ನು ಅಮ್ಮ ಮೊದಲು ಅಲ್ಲಿಗೇ ಅಟ್ಟುತ್ತಿದ್ದರು. ತಿಂಡಿಯೂ ಆಮೇಲೆ, ಬೈಗುಳವೂ ಆಮೇಲೆ. ಬಿಸಿನೀರು ಹೊಯ್ದುಕೊಂಡು ಹೊರಗೆ ಬರುವ ಹೊತ್ತಿಗೆ ಅಮ್ಮನಿಗೆ ಬೈಯುವುದೂ ಮರೆತುಹೋಗಿರುತ್ತಿತ್ತು, ನಮಗೆ ಅಳುವುದೂ ಮರೆತಿರುತ್ತಿತ್ತು.

ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹುಳಿ ಹಾಕಿ ಉಜ್ಜಿ, ಶೇಡಿಯಲ್ಲಿ ಗೆರೆ ಎಳೆದು, ಕೊರಳಿಗೆ ಹಿಂಡ್ಲೆ ಬಳ್ಳಿ ಸುತ್ತುತ್ತಿದ್ದೆವು. ದೇವರ ಕೋಣೆಗೆ ಸಲ್ಲುವ ಮರ್ಯಾದೆ ಆ ಒಂದು ರಾತ್ರಿ ಬಚ್ಚಲಿಗೂ ಸಲ್ಲುತ್ತಿತ್ತು. ನರಕ ಚತುರ್ದಶಿಯ ನಸುಕಿನಲ್ಲಿ ಅಜ್ಜಿ ಗರಿಕೆಯಲ್ಲಿ ನೆತ್ತಿಗೆ ಎಣ್ಣೆ ಇಟ್ಟು, ಆಮೇಲೆ ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿ, ಹಬೆಯಾಡುವ ನೀರು ತಲೆಗೆ ಹೊಯ್ಯುತ್ತಿದ್ದರು. ಒಬ್ಬರು ಇನ್ನೊಬ್ಬರಿಗೆ ನೀರು ಹಾಕುವುದು, ಬೆನ್ನು ಉಜ್ಜುವುದು, ತಲೆ ಒರೆಸುವುದು. ಇವೆಲ್ಲ ನಮ್ಮ ಮನೆಯಲ್ಲಿ ಪ್ರೀತಿ ತೋರಿಸುವ ದಾರಿಗಳಾಗಿದ್ದವು. ಬಾಯಿಬಿಟ್ಟು ಹೇಳುವ ರೂಢಿ ಇಲ್ಲದವರು ನೀರಿನಲ್ಲಿ ಹೇಳಿದರು.

ಗುಜರಾತಿಗೆ ಬಂದ ಮೇಲೆ ಅದೇ ದಿನವನ್ನು ನಾನು ಬೇರೆ ರೀತಿ ನೋಡಿದೆ. ಇಲ್ಲಿ ಅದು ಕಾಳೀ ಚೌದಸ್. ಸಂಜೆ ಹೆಂಗಸರು ವಡೆ ಕರಿದು, ನಾಲ್ಕು ದಾರಿ ಕೂಡುವಲ್ಲಿ ಇಟ್ಟು, ಸುತ್ತ ನೀರು ಹೊಯ್ದು, ಹಿಂದೆ ತಿರುಗಿ ನೋಡದೆ ಮನೆಗೆ ಬರುತ್ತಾರೆ. ಮನೆಯೊಳಗಿನ ಜಗಳ, ಕಿರಿಕಿರಿ, ಮಂಕು ಎಲ್ಲ ಅದರ ಜೊತೆ ಹೋಗಲಿ ಅಂತ. ಅದಕ್ಕೆ ಅವರು ಕಕಳಾಟ್ ತೆಗೆಯುವುದು ಅನ್ನುತ್ತಾರೆ. ನಾವು ಎಣ್ಣೆ ಹಚ್ಚಿ ಬಿಸಿನೀರಿನಲ್ಲಿ ಕಳೆಯುವುದನ್ನು ಅವರು ಚೌಕದಲ್ಲಿ ಬಿಟ್ಟು ಬರುತ್ತಾರೆ. ವರ್ಷಕ್ಕೊಮ್ಮೆಯಾದರೂ ಮನಸ್ಸಿನ ಕೊಳೆ ತೆಗೆಯಬೇಕು ಅನ್ನುವುದು ಎರಡೂ ಕಡೆಯ ಅಜ್ಜಿಯರಿಗೆ ಗೊತ್ತಿತ್ತು.

ಬಾಣಂತಿಯ ವಿಷಯದಲ್ಲೂ ಹಾಗೇ. ನನ್ನ ಬಾಣಂತನದಲ್ಲಿ ಅಮ್ಮ ಹಾಕಿದ ನೀರು ನನಗೆ ಇವತ್ತಿಗೂ ಬೆನ್ನಲ್ಲಿದೆ. ಮೈಗೆ ಎಣ್ಣೆ ನೀವಿ, ಸೊಂಟದ ಮೇಲೆ ಬಿಸಿನೀರು ಒಂದೇ ಸಮ ಹೊಯ್ದು, ಒರೆಸಿ, ಬೆಚ್ಚಗೆ ಹೊದೆಸಿ ಮಲಗಿಸಿದರೆ ಎಚ್ಚರ ತಪ್ಪಿದ ಹಾಗೆ ನಿದ್ದೆ ಬರುತ್ತಿತ್ತು. ಇಲ್ಲಿ ಬಾಣಂತನಕ್ಕೆ ಸುವಾವಡ್ ಅನ್ನುತ್ತಾರೆ. ಮಾಲಿಶ್ ಮಾಡುವ ಹೆಂಗಸು ಮನೆಗೆ ಬಂದು ಎಣ್ಣೆ ತಿಕ್ಕಿ, ಅಜವಾನದ ಹೊಗೆಯಿಂದ ಶಾಖ ಕೊಟ್ಟು ಸ್ನಾನ ಮಾಡಿಸುತ್ತಾಳೆ. ನಮ್ಮ ಪಕ್ಕದ ಮನೆಯ ಬೆನ್ ತನ್ನ ಸೊಸೆಗೆ ಮಾಡಿಸಿದ್ದನ್ನು ನೋಡಿದಾಗ ಅಮ್ಮನ ಕೈಯೇ ಇಲ್ಲಿ ಬೇರೆ ಸೀರೆ ಉಟ್ಟು ಬಂದಿದೆ ಅನ್ನಿಸಿತು.

ನೀನು ಲೆಕ್ಕದವಳು, ಅಜ್ಜಿಯ ಮಾತಿನ ಜೊತೆಗೆ ಪುರಾವೆಯೂ ಬೇಕು ನಿನಗೆ. ಅದೂ ಇದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಬಿಸಿನೀರು ಮತ್ತು ನಿದ್ದೆಯ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದರು. 40ರಿಂದ 42.5 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ, ಮಲಗುವ ಒಂದೆರಡು ಗಂಟೆ ಮೊದಲು, ಹತ್ತು ನಿಮಿಷ ಸ್ನಾನ ಮಾಡಿದರೂ ಸಾಕು, ನಿದ್ದೆ ಬೇಗ ಹತ್ತುತ್ತದೆ, ಚೆನ್ನಾಗಿಯೂ ಬರುತ್ತದೆ ಅಂತ ಅವರಿಗೆ ಕಂಡಿತು. ಸರಾಸರಿ ಹತ್ತು ನಿಮಿಷ ಬೇಗ. ರಾತ್ರಿ ಗಡಿಯಾರ ನೋಡುತ್ತಾ ಮಲಗಿದವರಿಗೆ ಹತ್ತು ನಿಮಿಷದ ಬೆಲೆ ಗೊತ್ತು.

ಇದರ ಹಿಂದಿನ ಕಾರಣ ಸೊಗಸಾಗಿದೆ. ನಿದ್ದೆ ಬರಬೇಕಾದರೆ ಮೈಯ ಒಳಗಿನ ಬಿಸಿ ತುಸು ಇಳಿಯಬೇಕು. ಬಿಸಿನೀರು ಬಿದ್ದಾಗ ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗುತ್ತವೆ. ಕೈ, ಪಾದಗಳಿಗೆ ರಕ್ತ ಹೆಚ್ಚು ಹರಿಯುತ್ತದೆ. ಸ್ನಾನ ಮುಗಿದ ಮೇಲೆ ಆ ದಾರಿಯಲ್ಲೇ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಬೆಚ್ಚಗಾಗುವುದರಿಂದಲೇ ದೇಹ ತಣಿಯುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 1999ರಲ್ಲೇ ಪಾದ ಬೆಚ್ಚಗಿದ್ದವರಿಗೆ ನಿದ್ದೆ ಬೇಗ ಬರುತ್ತದೆ ಅಂತ ತೋರಿಸಿದ್ದರು. ಅಜ್ಜಿ ಮಲಗುವ ಮೊದಲು ಬಿಸಿನೀರಲ್ಲಿ ಕಾಲು ತೊಳೆದು, ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದದ್ದು ನೆನಪಾಯಿತೇ?

ಮನಸ್ಸಿನ ಬಗ್ಗೆಯೂ ನೋಡಿದ್ದಾರೆ. ಜಪಾನಿನಲ್ಲಿ 38 ಮಂದಿಗೆ ಎರಡು ವಾರ ದಿನಾ ಹತ್ತು ನಿಮಿಷ 40 ಡಿಗ್ರಿ ನೀರಿನ ತೊಟ್ಟಿಯಲ್ಲಿ ಕೂರಿಸಿ, ಇನ್ನೆರಡು ವಾರ ಬರೀ ಶವರ್ ಕೊಟ್ಟು ಹೋಲಿಸಿದರು. ಆ ವರದಿ ಬಂದದ್ದು 2018ರಲ್ಲಿ. ತೊಟ್ಟಿಯಲ್ಲಿ ಕೂತ ವಾರಗಳಲ್ಲಿ ದಣಿವು, ನೋವು, ಉದ್ವೇಗ, ಸಿಟ್ಟು, ಬೇಸರ ಎಲ್ಲ ಕಡಿಮೆಯಾಗಿತ್ತು. ಜರ್ಮನಿಯ ಫ್ರೈಬರ್ಗ್‌ನ ವೈದ್ಯರು ಖಿನ್ನತೆ ಇರುವವರಿಗೇ ವಾರಕ್ಕೆರಡು ಸಲ 40 ಡಿಗ್ರಿ ನೀರಿನ ಸ್ನಾನ ಕೊಟ್ಟು, ಆಮೇಲೆ ಬೆಚ್ಚಗೆ ಹೊದೆಸಿ ಮಲಗಿಸಿ ನೋಡಿದರು. ಅವರಿಗೂ ಒಳ್ಳೆಯ ಫಲ ಕಂಡಿತು. ಇವು ಸಣ್ಣ ಅಧ್ಯಯನಗಳು. ಬಿಸಿನೀರು ಖಿನ್ನತೆಗೆ ಔಷಧಿ ಅಂತ ಇವನ್ನು ಹಿಡಿದು ಯಾರೂ ಹೇಳುವ ಹಾಗಿಲ್ಲ, ನಾನೂ ಹೇಳುವುದಿಲ್ಲ. ಆದರೆ ಫ್ರೈಬರ್ಗ್‌ನವರು ಹೊದೆಸಿ ಮಲಗಿಸಿದ್ದನ್ನು ಓದಿದಾಗ ನನಗೆ ಅಮ್ಮನ ಬಾಣಂತಿ ಕೋಣೆಯೇ ಕಣ್ಣಿಗೆ ಬಂತು.

ನಾನು ಗುಜರಾತಿಗೆ ಬಂದ ಕಥೆ ನಿನಗೆ ಗೊತ್ತಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, 1908ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ಇದೇ ವಡೋದರಾದಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದ ಜೊತೆ 2019ರ ಏಪ್ರಿಲ್ 1ರಂದು ಒಂದಾಯಿತು. ವಿಜಯಾ ಬ್ಯಾಂಕಿನಲ್ಲಿದ್ದ ನಿನ್ನ ಭಾವನಿಗೆ ಮೊದಲು ಅಹಮದಾಬಾದಿಗೆ ವರ್ಗವಾಯಿತು, ಆಮೇಲೆ ವಡೋದರಾಕ್ಕೆ. ಕರಾವಳಿಯ ಬೆವರಿನಲ್ಲಿ ಬೆಳೆದ ನನಗೆ ಅಹಮದಾಬಾದಿನ ಮೊದಲ ಚಳಿಗಾಲ ಬಹಳ ಒಣದಾಗಿ ಕಂಡಿತು. ತುಟಿ ಒಡೆಯಿತು, ಹಿಮ್ಮಡಿ ಸೀಳಿತು, ಫ್ಲಾಟಿನ ಬೋರಿನ ನೀರಿಗೆ ಸೋಪು ನೊರೆ ಬರುತ್ತಿರಲಿಲ್ಲ. ಸಂಜೆಯಾದರೆ ಯಾಕೋ ಅಳು. ಆಗ ಕೆಳಗಿನ ಮನೆಯ ಮಾಸಿಯೊಬ್ಬರು ಎಳ್ಳೆಣ್ಣೆಯ ಬಟ್ಟಲು ತಂದುಕೊಟ್ಟು, ಬಿಸಿ ಮಾಡಿ ಹಚ್ಚಿಕೋ, ಆಮೇಲೆ ಬಿಸಿನೀರು ಹೊಯ್ದುಕೋ ಅಂದರು. ಭಾಷೆ ಪೂರ್ತಿ ಅರ್ಥವಾಗದಿದ್ದರೂ ಹೇಳಿದ್ದು ಅಮ್ಮನ ಮಾತೇ. ಅವತ್ತಿನಿಂದ ಸಂಜೆಯ ಸ್ನಾನ ನನ್ನಿಂದ ತಪ್ಪಿಲ್ಲ. ಆ ಮಾಸಿಯಿಂದ ನನಗೆ ಬಂದದ್ದನ್ನೇ ನಿನಗೆ ದಾಟಿಸುತ್ತಿದ್ದೇನೆ.

ಅಹಮದಾಬಾದಿನಲ್ಲಿ ಸಾಬರಮತಿ ಆಶ್ರಮಕ್ಕೆ ಹೋದಾಗಲೆಲ್ಲ ಗಾಂಧೀಜಿಯ ನೀರಿನ ಚಿಕಿತ್ಸೆ ನೆನಪಾಗುತ್ತಿತ್ತು. ಜರ್ಮನಿಯ ಲೂಯಿ ಕೂನೆ ಹೇಳಿಕೊಟ್ಟ ಸೊಂಟಸ್ನಾನ ಅವರಿಗೆ ಬಹಳ ಪ್ರಿಯ. ಅದು ತಣ್ಣೀರಿನದು. ಆದರೆ 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲಿ ಹಬೆಸ್ನಾನವನ್ನೂ ಮೆಚ್ಚಿ, ಕೀಲುನೋವಿನವರಿಗೆ ಅದು ಒಳ್ಳೆಯದು ಅಂದಿದ್ದಾರೆ. ದೇಶದ ಅಷ್ಟು ದೊಡ್ಡ ಹೊರೆ ಹೊತ್ತವರೂ ನೀರು, ಮಣ್ಣು, ಗಾಳಿಯಿಂದ ಮೈಯನ್ನು ನೋಡಿಕೊಳ್ಳುವುದಕ್ಕೆ ಹೊತ್ತು ಇಟ್ಟುಕೊಂಡರು. ನೀನು ಅರ್ಧ ಗಂಟೆ ಇಟ್ಟುಕೊಂಡರೆ ಅದು ಸೋಮಾರಿತನ ಆಗುವುದಿಲ್ಲ.

ಈಗ ನಿನಗೆ ಖುಷಿಯಾಗುವ ಒಂದು ಸಂಗತಿ. ನಾವಿಬ್ಬರೂ ಬಾಳುತ್ತಿರುವ ಈ ನೆಲದ ಅಡಿಯಲ್ಲೇ ಬಿಸಿನೀರಿದೆ! ಅಹಮದಾಬಾದಿಗೆ ಲಸುಂದ್ರಾ, ವಡೋದರಾಕ್ಕೆ ತುವಾ, ಸೂರತ್ತಿಗೆ ಉನಾಯಿ. ಮೂರು ಊರುಗಳಿಂದಲೂ ಹೋಗಿಬರಬಹುದಾದ ದೂರದಲ್ಲಿ ಒಂದೊಂದು ಬಿಸಿನೀರಿನ ಬುಗ್ಗೆ.

ಲಸುಂದ್ರಾ ಇರುವುದು ಖೇಡಾ ಜಿಲ್ಲೆಯಲ್ಲಿ. ನೀರಿಗೆ ಗಂಧಕದ ವಾಸನೆ. ಚರ್ಮರೋಗಕ್ಕೆ ಒಳ್ಳೆಯದೆಂದು ಜನ ಅಲ್ಲಿಗೆ ಹೋಗುವುದನ್ನು ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೂ ಬರೆದಿದ್ದಾರೆ. ತುವಾ ಗೋಧ್ರಾದ ಹತ್ತಿರ, ಆಣಂದದಿಂದ ಗೋಧ್ರಾಕ್ಕೆ ಹೋಗುವ ರೈಲು ದಾರಿಯಲ್ಲಿ. ಅಲ್ಲಿ ಒಂದೇ ಬಯಲಿನಲ್ಲಿ ಹಲವು ಕುಂಡಗಳು, ಒಂದೊಂದರ ಬಿಸಿ ಒಂದೊಂದು ಹದ. ಒಂದರಲ್ಲಿ ಕೈ ಇಡಲಾಗದು, ಇನ್ನೊಂದರಲ್ಲಿ ಆರಾಮಾಗಿ ಕೂರಬಹುದು. ನಾನೂ ಭಾವನೂ ಹೋದ ದಿನ ಅಜ್ಜಂದಿರು ಮೊಣಕಾಲವರೆಗೆ ಪಂಚೆ ಎತ್ತಿಕೊಂಡು ಕಾಲು ಇಳಿಬಿಟ್ಟು ಕೂತಿದ್ದರು. ಯಾರಿಗೂ ಅವಸರವಿರಲಿಲ್ಲ. ಮಳೆ, ಬೆಳೆ, ಮೊಮ್ಮಕ್ಕಳ ಮದುವೆ ಮಾತಾಡುತ್ತಿದ್ದರು. ನನಗೂ ಜಾಗ ಬಿಟ್ಟುಕೊಟ್ಟರು.

ಜ್ವಾಲಾಮುಖಿ ಇಲ್ಲದ ಕಡೆ ನೀರು ಹೇಗೆ ಕಾಯುತ್ತದೆ ಅಂತ ನೀನು ಕೇಳುತ್ತೀ, ಗೊತ್ತು. ನೆಲದ ಆಳಕ್ಕೆ ಹೋದಷ್ಟೂ ಬಿಸಿ ಹೆಚ್ಚು, ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು, ಆಳದಲ್ಲಿ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ. ಖಂಭಾತ್ ಕೊಲ್ಲಿಯ ಸುತ್ತಲಿನ ನೆಲದಲ್ಲಿ ಈ ಬಿಸಿ ಇನ್ನೂ ಹೆಚ್ಚು. 1958ರಲ್ಲಿ ಖಂಭಾತ್ ಹತ್ತಿರದ ಲುಣೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಸಿಕ್ಕಿದ್ದೂ ಇದೇ ನೆಲದಲ್ಲಿ. ಅಲ್ಲೆಲ್ಲೋ ಆಳದಲ್ಲಿ, ಯಾರೂ ಒಲೆ ಉರಿಸದೆ ಕಾದ ನೀರು ಹಳ್ಳಿಯ ಅಜ್ಜನ ಮೊಣಕಾಲಿಗೆ ಬಂದು ಸೇರುತ್ತದೆ.

ನಮ್ಮೂರಿನ ಬೆಂದ್ರು ತೀರ್ಥವೂ ಹೀಗೆಯೇ. ಪುತ್ತೂರಿನ ಇರ್ದೆಯಲ್ಲಿ, ಹೊಳೆಯ ಬದಿಯಲ್ಲಿ. ಅಪ್ಪ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ನೀನು ಇನ್ನೂ ಅವರ ಹೆಗಲ ಮೇಲಿದ್ದೆ. ಅಲ್ಲಿ ನೀರು ಸುಡುತ್ತಿರಲಿಲ್ಲ, ಉಗುರುಬೆಚ್ಚಗೆ ಇತ್ತು. ಕಲ್ಲು ಕಟ್ಟಿದ ಕೊಳಕ್ಕೆ ಇಳಿದು, ಹೊರಗೆ ಬರಲು ಒಪ್ಪದೆ ನೀನು ಕೂಗಿದ್ದನ್ನು ಅಪ್ಪ ವರ್ಷಗಟ್ಟಲೆ ಹೇಳುತ್ತಿದ್ದರು. ಕರ್ನಾಟಕದಿಂದ ಇಷ್ಟು ದೂರ ಬಂದರೂ ಆ ನೀರಿನ ಬಳಗ ಇಲ್ಲಿಯೂ ಇದೆ ಅಂತ ತಿಳಿದಾಗ ನನಗೆ ಈ ಊರು ಪರಕೀಯ ಅನ್ನಿಸುವುದು ನಿಂತುಹೋಯಿತು.

ನಿನ್ನ ಪಾಲಿಗೆ ಬಂದದ್ದು ಉನಾಯಿ. ಅದು ನವಸಾರಿ ಜಿಲ್ಲೆಯ ವಾಂಸದಾ ತಾಲ್ಲೂಕಿನಲ್ಲಿ, ಡಾಂಗ್ ಕಾಡು ಶುರುವಾಗುವ ಕಡೆ. ಉನಾಯಿ ಮಾತೆಯ ಗುಡಿಯ ಬಳಿ ಬಿಸಿನೀರಿನ ಕುಂಡ. ಕುಷ್ಠದಿಂದ ನರಳುತ್ತಿದ್ದ ಶರಭಂಗ ಋಷಿಗಾಗಿ ರಾಮ ಬಾಣ ಹೂಡಿ ಬಿಸಿನೀರು ಚಿಮ್ಮಿಸಿದ ಅಂತ ಸ್ಥಳಪುರಾಣ. ಚೈತ್ರ ಹುಣ್ಣಿಮೆಗೆ ಜಾತ್ರೆ, ಸುತ್ತಲ ಆದಿವಾಸಿ ಹಳ್ಳಿಗಳಿಂದ ಜನ ಬಂದು ಸ್ನಾನ ಮಾಡುತ್ತಾರೆ. ಆ ಕಡೆಗೆ ಗಾಯಕವಾಡರು 1913ರಲ್ಲಿ ಬಿಲಿಮೋರಾದಿಂದ ವಘಾಯಿಗೆ 63 ಕಿಲೋಮೀಟರ್ ಉದ್ದದ ಪುಟ್ಟ ರೈಲು ದಾರಿ ಹಾಕಿಸಿದರು. ಡಾಂಗ್ ಕಾಡಿನ ತೇಗ ಸಾಗಿಸಲು ಹಾಕಿದ ಆ ದಾರಿಯಲ್ಲೇ ಉನಾಯಿಯ ನಿಲ್ದಾಣವೂ ಇದೆ. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಮೇಲಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನಿನ್ನ ಬಚ್ಚಲು. ತೊಟ್ಟಿ ಇಲ್ಲ, ಬಕೆಟ್ಟೇ ಇರುವುದು ಅಂತ ಯೋಚಿಸಬೇಡ. ಟೆಕ್ಸಾಸಿನವರ ಲೆಕ್ಕದಲ್ಲಿ ಶವರೂ ಸೇರಿತ್ತು. ನಮಗೆ ಬಕೆಟ್ಟು, ಚೊಂಬು ಸಾಕು. ಗೀಸರ್ ಇಲ್ಲದ ದಿನ ಒಂದು ಪಾಲು ಕುದಿಯುವ ನೀರಿಗೆ ಮೂರು ಪಾಲು ತಣ್ಣೀರು ಬೆರೆಸಿದರೆ ಸುಮಾರು 40 ಡಿಗ್ರಿಗೆ ಬರುತ್ತದೆ. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಮೊಣಕೈ ಅದ್ದಿ ನೋಡು, ಹಿತವಾಗಿರಬೇಕು, ಚುರುಗುಟ್ಟಬಾರದು. ಹದಿನೈದು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಒಂದು ಯೂನಿಟ್ಟಿನ ಮೂರನೇ ಒಂದು ಭಾಗದಷ್ಟು ಕರೆಂಟು. ಇದನ್ನು ನಿನ್ನ ಉಳಿತಾಯದ ಬುದ್ಧಿಗಾಗಿಯೇ ಬರೆದೆ.

ಬಂದ ಕೂಡಲೇ ಬಾಗಿಲು ಹಾಕಿ, ಫೋನನ್ನು ಹೊರಗಿಡು. ವಾರದಲ್ಲಿ ಒಂದು ದಿನ, ಶನಿವಾರವೋ ಭಾನುವಾರವೋ, ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡು. ಉಳಿದ ದಿನ ಕುತ್ತಿಗೆ, ಭುಜ, ಅಂಗಾಲಿಗೆ ಹಚ್ಚಿದರೆ ಸಾಕು. ಸಣ್ಣ ಮಣೆಯ ಮೇಲೆ ಕೂತು, ಪಾದದಿಂದ ಶುರುಮಾಡಿ ಮೇಲಕ್ಕೆ ನೀರು ಹೊಯ್ದುಕೋ. ಹಗಲೆಲ್ಲ ಕಂಪ್ಯೂಟರಿಗೆ ಬಾಗಿದ ಕುತ್ತಿಗೆಯ ಮೇಲೆ ಒಂದು ನಾಲ್ಕು ಚೊಂಬು ಹೆಚ್ಚು. ತಲೆಗೆ ಮಾತ್ರ ಅಷ್ಟು ಬಿಸಿ ಬೇಡ. ಕುತ್ತಿಗೆಯಿಂದ ಕೆಳಗೆ ಬಿಸಿನೀರು ಬಲ ಕೊಡುತ್ತದೆ, ತಲೆಗೆ ಹೊಯ್ದರೆ ಕೂದಲಿಗೂ ಕಣ್ಣಿಗೂ ಕೆಡುಕು ಅಂತ ವಾಗ್ಭಟ ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ಊಟವಾದ ಮೇಲಿನ ಸ್ನಾನವೂ ಬೇಡ ಅನ್ನುತ್ತಾನೆ. ಎಂಟೂವರೆಗೆ ಸ್ನಾನ, ಒಂಬತ್ತಕ್ಕೆ ಊಟ, ಹತ್ತೂವರೆಗೆ ಹಾಸಿಗೆ. ಮೈ ಒರೆಸಿದ ಮೇಲೆ ಕಾಲಿಗೆ ಕಾಲುಚೀಲ ಹಾಕಿಕೋ. ಸ್ನಾನ ಮಾಡುವಷ್ಟೂ ತ್ರಾಣ ಇಲ್ಲದ ರಾತ್ರಿ ಬಕೆಟ್ಟಿನಲ್ಲಿ ಬಿಸಿನೀರು ತುಂಬಿ ಪಾದ ಇಳಿಬಿಟ್ಟು ಕೂರು. ಅಷ್ಟಾದರೂ ಮಾಡು.

ನೀರು ಗಡಸಾಗಿದ್ದರೆ ಸೋಪು ಬಿಟ್ಟು ಕಡ್ಲೆಹಿಟ್ಟು ಹಚ್ಚು. ಇಲ್ಲಿ ಅದಕ್ಕೆ ಚಣಾನೋ ಲೋಟ್ ಅಂತ ಕೇಳಬೇಕು. ಅಂಟುವಾಳಕ್ಕೆ ಅರೀಠಾ ಅನ್ನುತ್ತಾರೆ. ಬೇರು, ನಾರು, ಪೂಜೆ ಸಾಮಾನು ಮಾರುವ ಗಾಂಧಿಯ ಅಂಗಡಿಯಲ್ಲಿ ಸಿಗುತ್ತದೆ. ದಾಸವಾಳದ ಸೊಪ್ಪು ಸಿಕ್ಕರೆ ಕಿವುಚಿ ಲೋಳೆ ಮಾಡಿಕೋ, ಊರಿನ ಹಾಗೆಯೇ.

ಎಚ್ಚರ ವಹಿಸಬೇಕಾದ್ದನ್ನೂ ಹೇಳಿಬಿಡುತ್ತೇನೆ, ಅಕ್ಕನ ಹಟ ಅಂದುಕೋ. ನಿನ್ನ ಬಾಡಿಗೆ ಮನೆಯಲ್ಲಿರುವುದು ಗ್ಯಾಸ್ ಗೀಸರಾದರೆ, ಅದು ಬಚ್ಚಲಿನ ಒಳಗೇ ಇದೆಯೇ ನೋಡು. ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತುವುದು ಗೊತ್ತಾಗುವಷ್ಟರಲ್ಲಿ ಎಚ್ಚರ ತಪ್ಪಿರುತ್ತದೆ. ಪ್ರತಿ ಚಳಿಗಾಲ ಇದರಿಂದ ಜೀವ ಹೋದ ಸುದ್ದಿ ಓದುತ್ತೇವೆ. ಗೀಸರ್ ಹೊರಗಿರಬೇಕು, ಇಲ್ಲವಾದರೆ ಬಕೆಟ್ ತುಂಬಿಸಿ, ಆರಿಸಿ, ಆಮೇಲೆ ಒಳಗೆ ಹೋಗು. ಕರೆಂಟಿನ ರಾಡ್ ಇಟ್ಟು ಕಾಯಿಸುವುದಾದರೆ ಪ್ಲಗ್ ತೆಗೆಯದೆ ನೀರು ಮುಟ್ಟಬೇಡ. ಅಮ್ಮ ಬಂದು ನಿನ್ನ ಜೊತೆ ಇರುವಾಗ ಅವರ ನೀರನ್ನು ನೀನೇ ಮೊಣಕೈ ಅದ್ದಿ ನೋಡು. ಸಕ್ಕರೆ ಕಾಯಿಲೆಯಿಂದ ಅವರ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ಬಿ.ಪಿ. ಮಾತ್ರೆಯೂ ಇರುವುದರಿಂದ ಬಿಸಿನೀರಿನಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲಿಟ್ಟೀತು.

ಇದು ಚಳಿಗಾಲದ, ಮಳೆಗಾಲದ ಮಾತು ಅನ್ನುವುದೂ ನೆನಪಿರಲಿ. ಏಪ್ರಿಲ್ ಬಂದರೆ ಈ ನಾಡಿನ ಬಿಸಿಲು ಬೇರೆಯೇ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಲು 46 ಡಿಗ್ರಿ ದಾಟಿ ನೂರಾರು ಜನ ಸತ್ತ ಮೇಲೆ, 2013ರಲ್ಲಿ ಅಲ್ಲಿನ ನಗರಪಾಲಿಕೆ ಬಿಸಿಲಿನಿಂದ ಜನರನ್ನು ಕಾಪಾಡುವ ಯೋಜನೆಯನ್ನೇ ಮಾಡಿತು. ಆ ತಿಂಗಳುಗಳಲ್ಲಿ ನಲ್ಲಿಯ ನೀರೇ ಸಾಕು, ಅದೇ ಬೆಚ್ಚಗಿರುತ್ತದೆ.

ಕೊನೆಯದು, ಇದನ್ನು ಎರಡು ಸಲ ಓದು ಮಾರಾಯ್ತಿ. ಬಿಸಿನೀರಿನಿಂದ ದಣಿವು ಇಳಿಯಬೇಕು, ನಿದ್ದೆ ಬರಬೇಕು. ಎರಡು ವಾರ ಹೀಗೆ ಮಾಡಿಯೂ ಬೇಸರ ಹಾಗೇ ಕೂತಿದ್ದರೆ, ಊಟ ರುಚಿಸದಿದ್ದರೆ, ಇಷ್ಟದ ಕೆಲಸಗಳೂ ಬೇಡವಾದರೆ, ಬದುಕೇ ಬೇಡ ಅನ್ನುವ ಯೋಚನೆ ಒಂದು ಕ್ಷಣ ಬಂದರೂ, ವೈದ್ಯರನ್ನು ಕಾಣಲೇಬೇಕು. ನಾನೂ ಜೊತೆಗೆ ಬರುತ್ತೇನೆ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ದುಡ್ಡಿಲ್ಲ, ಭಾಷೆ ಆರಿಸಿಕೊಂಡು ಕನ್ನಡದಲ್ಲೂ ಮಾತಾಡಬಹುದು. ನನಗೆ ಹೇಳಲು ಸಂಕೋಚವಾದ ಮಾತನ್ನು ಅವರಿಗೆ ಹೇಳು. ನನಗೆ ಹೇಳಬಹುದಾದದ್ದನ್ನು ನಡುರಾತ್ರಿಯಾದರೂ ನನಗೇ ಹೇಳು. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವುದಕ್ಕೆ ನಮ್ಮ ಮನೆಯಲ್ಲಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಚಿಕ್ಕವಳಾಗಿದ್ದಾಗ ನಿನಗೆ ನೀರು ಹಾಕುತ್ತಿದ್ದದ್ದು ನಾನು. ಕಣ್ಣಿಗೆ ಸೀಗೆ ಹೋಯಿತು ಅಂತ ನೀನು ಕಿರುಚಿದರೂ ಬಿಡುತ್ತಿರಲಿಲ್ಲ. ಈಗ ನಡುವೆ ಒಂದು ರೈಲಿನ ದೂರ. ಅಲ್ಲಿ ನೀನೇ ನಿನಗೆ ನೀರು ಹಾಕಿಕೊಳ್ಳಬೇಕು, ನಾನು ಹಾಕುತ್ತಿದ್ದಷ್ಟೇ ಅಕ್ಕರೆಯಿಂದ. ಬೇರೆಯವರನ್ನೆಲ್ಲ ನೋಡಿಕೊಳ್ಳುವುದು ನಮಗೆ ಮನೆಯಲ್ಲೇ ಅಭ್ಯಾಸವಾಯಿತು. ನಮ್ಮನ್ನು ನಾವು ನೋಡಿಕೊಳ್ಳುವುದನ್ನು ಊರು ಬಿಟ್ಟು ಬಂದ ಮೇಲೆ ಕಲಿಯಬೇಕಾಗಿದೆ, ಮತ್ತು ಅದನ್ನು ಬಕೆಟ್ಟು ಚೊಂಬಿನಿಂದ ಶುರುಮಾಡಬಹುದು.

ಉತ್ತರಾಯಣ ಮುಗಿದ ಮೇಲಿನ ಶನಿವಾರ ನಾನೂ ಭಾವನೂ ಸೂರತ್ತಿಗೆ ಬರುತ್ತೇವೆ. ಭಾನುವಾರ ಬೆಳಗ್ಗೆ ಬಿಲಿಮೋರಾಕ್ಕೆ ಹೋಗಿ ಅಲ್ಲಿಂದ ಉನಾಯಿಗೆ. ಬದಲಾಯಿಸಲು ಬಟ್ಟೆ, ದೊಡ್ಡ ಟವೆಲ್ ತೆಗೆದಿಡು. ಬರುವಾಗ ಹುರಿದ ಎಳೆ ಜೋಳದ ಪೋಂಕ್ ಸಿಕ್ಕರೆ ತಿನ್ನೋಣ, ನಿಂಬೂ ಸೇವ್ ಹಾಕಿ. ಊರಿಂದ ಬಂದ ಕೊಬ್ಬರಿ ಎಣ್ಣೆ, ಸೀಗೆಪುಡಿ, ಅಮ್ಮ ಹೊಲಿದ ಒಂದು ಹೊದಿಕೆ ಪಾರ್ಸೆಲ್ ಮಾಡಿದ್ದೇನೆ. ಈ ಕಾಗದದ ಹಿಂದೆಯೇ ಬರುತ್ತದೆ. ಅದು ಬರಲಿ ಅಂತ ಕಾಯಬೇಡ. ಕಾಗದ ಓದಿದ ಸಂಜೆಯೇ ಶುರು ಮಾಡು, ಮರುದಿನ ಹೇಗೆ ನಿದ್ದೆ ಬಂತು ಅಂತ ನನಗೆ ಬರೆ.

ನಿನ್ನ ಪ್ರೀತಿಯ
ಅಕ್ಕ